ಎರವಲು ಪಾದ

ಬೂಟನ್ನು ತಲೆಕೆಳಗು ಮಾಡಿ ಕೊಡವಿದಾಗ ಒಳಗಿಂದ ಕಾಗದವೊಂದು ಬಿತ್ತು. ಬೂಟಿನ ಮೂತಿ ಮುದುಡದಿರಲೆಂದು ಕಾರ್ಖಾನೆಯವರು ತುರುಕಿ ಕಳಿಸುವಂಥದ್ದು. ಒಳಗೆ ಹೋಗುವಾಗ ಅದು ಉಂಡೆಯೇ ಆಗಿದ್ದಿರಬೇಕು. ಈಗ ಉದ್ದಿನ ಹಪ್ಪಳವಾಗಿತ್ತು.

ಅಂಗಡಿಯ ಹುಡುಗ ರೋಶನ್ ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಅನಂತರಾಮು ಅವರ ಕಡೆ ತಿರುಗಿದ. ಮಂಗಳೂರಿನವನು. ಗಿರಾಕಿಗೆ ತಿಳಿಯಬಾರದ್ದನ್ನೆಲ್ಲ ಕನ್ನಡದಲ್ಲಿ ಹೇಳುವ ರೂಢಿ ಅವನದು. "ಇದು ಒಳಗೇ ಇತ್ತಾ ಸರ್? ಇದನ್ನು ತುಳ್ಕೊಂಡೇ ಇವರು ನಾಲ್ಕು ಸುತ್ತು ಬಂದದ್ದಾ?"

ಇವರು ಎಂದರೆ ಅಬು ನಾಸರ್. ಅರವತ್ತಾರು ವರ್ಷದ, ಬಿಳಿ ಗಡ್ಡದ, ಬೆಳ್ಳಗೆ ಇಸ್ತ್ರಿಯಾದ ದಿಶ್‌ದಾಶಾ ಎಂಬ ನಿಲುವಂಗಿಯ ಕುವೈತಿ. ಶುವೈಖ್‌ನ ಆ ಅಂಗಡಿಯಲ್ಲಿ ಡೇರೆ, ದುರ್ಬೀನು, ಗಿಡುಗದ ಕಣ್ಣಿಗೆ ಕಟ್ಟುವ ಟೋಪಿಗಳ ನಡುವೆ ಒಂದು ಸಿಮೆಂಟು ಬಂಡೆಯಿತ್ತು, ಬೂಟು ಹಾಕಿದವರು ಹತ್ತಿಳಿದು ನೋಡಲೆಂದು. ಅದನ್ನು ಅವರು ನಾಲ್ಕು ಸಲ ಹತ್ತಿ, ನಾಲ್ಕು ಸಲ ಇಳಿದು, ಪ್ರತಿ ಸಲವೂ "ಝೈನ್, ಝೈನ್" ಎಂದಿದ್ದರು. ಚೆನ್ನಾಗಿದೆ, ಚೆನ್ನಾಗಿದೆ.

ರೋಶನ್‌ಗೆ ಎಲ್ಲರ ನಡಿಗೆಯೂ ಕಾಲಲ್ಲೇ ಇತ್ತು. ಹೊಸದಾಗಿ ಮದುವೆಯಾದವನು ಹೆಂಡತಿಯ ಎದುರಿಗೆ ಬೂಟು ಹಾಕಿ ನಡೆಯುವ ರೀತಿ, ಅಳತೆ ಚಿಕ್ಕದಾದರೂ ಒಪ್ಪಿಕೊಳ್ಳದ ಪೊಲೀಸಿನವನ ರೀತಿ, ಎರಡನ್ನೂ ಆಗಲೇ ನಡೆದು ತೋರಿಸಿ ಆಗಿತ್ತು. ಈಗ ಅಬು ನಾಸರ್ ಅವರ "ಝೈನ್" ಅಣಕಿಸಲು ಹುಬ್ಬು ಮೇಲೇರಿಸಿದವನು ಅನಂತರಾಮು ಅವರ ಮುಖ ನೋಡಿ ಹಾಗೆಯೇ ಇಳಿಸಿದ.

"ರೋಶನ್, ಇನ್ನೊಂದು ಜೊತೆ ತಗೊಂಡು ಬಾಪ್ಪ. ಆ ಹೊಲಿಗೆ ಇರೋದು ಅಂದ್ಯಲ್ಲ, ಅದು. ಗೋಡೌನ್‌ನಲ್ಲಿ ನಿಧಾನವಾಗಿ ಹುಡುಕು."

"ನಿಧಾನವಾ ಸರ್?"

"ನಿಧಾನ."

ಅನಂತರಾಮು ಮೀನಾ ಅಬ್ದುಲ್ಲಾದ ತೈಲಾಗಾರದಲ್ಲಿ ಸುರಕ್ಷತಾ ವಿಭಾಗದವರು. ಇಪ್ಪತ್ತೇಳು ವರ್ಷದಿಂದ ಜನರನ್ನು ಕಾಲಿನಿಂದ ಮೇಲಕ್ಕೆ ನೋಡುವುದು ಅವರ ಸಂಬಳದ ಕೆಲಸ: ಮೊದಲು ಶೂ, ಆಮೇಲೆ ಬೆಲ್ಟು, ಕೊನೆಗೆ ಹೆಲ್ಮೆಟ್ಟು, ಪುರುಸೊತ್ತಿದ್ದರೆ ಮುಖ. ಅಬು ನಾಸರ್ ಅದೇ ತೈಲಾಗಾರದಲ್ಲಿ ಪಾಳಿಯ ಮೇಲ್ವಿಚಾರಕರಾಗಿದ್ದು ಆರು ವರ್ಷದ ಹಿಂದೆ ನಿವೃತ್ತರಾದವರು. ಇಬ್ಬರ ನಡುವಿನ ಭಾಷೆ ಇಂಗ್ಲಿಷು, ಹಿಂದಿ, ಅರಬ್ಬಿಗಳನ್ನು ಒಂದೇ ಕುಕ್ಕರಿನಲ್ಲಿಟ್ಟು ಕೂಗಿಸಿದ್ದು. ಯಾವ ಕಾಳು ಯಾವುದೆಂದು ಈಗ ಅವರಿಗೂ ಗೊತ್ತಾಗುವುದಿಲ್ಲ.

"ಎಷ್ಟು ದಿನದಿಂದ?" ಎಂದು ಅನಂತರಾಮು ಕೇಳಿದರು.

ಅಬು ನಾಸರ್ ಕಾಗದದ ಹಪ್ಪಳವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. "ಎರಡು ವರ್ಷ. ಸಕ್ಕರೆ ಕಾಯಿಲೆ. ಜಾಬ್ರಿಯಾದಲ್ಲಿ ಡಾಕ್ಟರು ಸೂಜಿ ಹಿಡಿದು ಬಂದ. ನಾನು ಕಿಟಕಿ ಆಚೆ ನೋಡ್ತಾ ಕೂತಿದ್ದೆ. ಯಾವಾಗ ಶುರು ಮಾಡ್ತೀಯಾ ಅಂತ ಕೇಳಿದೆ. ಅಂಗಾಲಿಗೆ ಹತ್ತು ಸಲ ಚುಚ್ಚಿ ಆಯ್ತು ಅಂದ."

"ನಾಸರ್‌ಗೆ ಗೊತ್ತಾ?"

"ಮಗನಿಗೆ ಗೊತ್ತಾದ್ರೆ ತಜಿಕಿಸ್ತಾನ ಖಲಾಸ್. ಆಮೇಲೆ ನನ್ನನ್ನ ಸೋಫಾ ಮೇಲೆ ಕೂರಿಸಿ, ಮುಂದೆ ಹಣ್ಣು ಹೆಚ್ಚಿಡ್ತಾರೆ."

ಮುಂದಿನ ತಿಂಗಳು ಮಗ ಮತ್ತು ಮಗನ ಇಬ್ಬರು ಗೆಳೆಯರೊಂದಿಗೆ ಒಂಬತ್ತು ದಿನ ತಜಿಕಿಸ್ತಾನದ ಬೆಟ್ಟಗಳಿಗೆ ಹೋಗುವುದೆಂದಿತ್ತು. ಉದ್ದ ಕೊಂಬಿನ ಕಾಡು ಆಡಿನ ಬೇಟೆ. ಅಬು ನಾಸರ್ ಅಲ್ಲಿಗೆ ಆರು ಸಲ ಹೋಗಿ ಬಂದವರು. ಆರು ಸಲವೂ ಒಂದೇ ಬೂಟು. ಮುಬಾರಕಿಯಾ ಎಂಬ ಹಳೆ ಪೇಟೆಯ ಚಮ್ಮಾರ ಅದಕ್ಕೆ ಮೂರು ಸಲ ಹೊಸ ಅಟ್ಟೆ ಹೊಲಿದುಕೊಟ್ಟಿದ್ದ. ನಾಲ್ಕನೆಯ ಸಲ ಕೈಯಲ್ಲಿ ಹಿಡಿದು ಮಡಚಿ, ಬಿರುಕಿನೊಳಗೆ ತನ್ನ ಬೆರಳು ತೂರಿಸಿ ತೋರಿಸಿದನಂತೆ: ಮೇಲಿನ ಚರ್ಮವೇ ಹೋಗಿದೆ ಹಾಜಿ, ಅಟ್ಟೆಯನ್ನು ಯಾವುದಕ್ಕೆ ಹೊಲಿಯಲಿ?

ಹಾಗಾಗಿ ಹೊಸದು ಬೇಕಾಗಿತ್ತು, ಅದೂ ಮತ್ತೆ ಮತ್ತೆ ಅಟ್ಟೆ ಹಾಕಿಸುವಂಥದ್ದೇ ಬೇಕಾಗಿತ್ತು. ಸುರಕ್ಷತೆಯ ಮನುಷ್ಯ, ಶೂ ನೋಡುವುದು ಅವನಿಗೆ ಗೊತ್ತು ಎಂದು ಅನಂತರಾಮುವನ್ನು ಕರೆತಂದಿದ್ದರು.

ರೋಶನ್ ನಿಧಾನ ಸಾಕೆನಿಸಿದ ಮೇಲೆ ಹೊರಬಂದ. ಒಂದು ಕೈಯಲ್ಲಿ ಹಗುರಾದ, ಬಣ್ಣಬಣ್ಣದ ಬೂಟು; ಇನ್ನೊಂದರಲ್ಲಿ ಕಂದು ಬಣ್ಣದ, ಎತ್ತಿದರೆ ಮಣಿಕಟ್ಟು ಜಗ್ಗುವ ಬೂಟು. ಎರಡನ್ನೂ ಮಗುಚಿ ಹಾಕಿ ಹೆಬ್ಬೆರಳ ಉಗುರಿನಿಂದ ಅಂಚು ಕೆರೆದು ತೋರಿಸಿದ. "ಇದು ನೋಡಿ ಸರ್, ಬರೀ ಅಂಟು. ಮೂರು ವರ್ಷ ಲಾಯ್ಕ ಇರ್ತದೆ, ಮತ್ತೆ ಬಾಯಿ ಬಿಡ್ತದೆ. ಬಿಟ್ಟ ಮೇಲೆ ಯಾರಿಗೂ ಮುಚ್ಚಿಸ್ಲಿಕ್ಕೆ ಆಗುದಿಲ್ಲ, ನಮ್ಮ ಮ್ಯಾನೇಜರಿನ ಹಾಗೆ. ಇದಕ್ಕೆ ಸುತ್ತ ಚರ್ಮದ ಪಟ್ಟಿ ಉಂಟಲ್ಲ, ಮೇಲಿನದ್ದು ಅದಕ್ಕೆ ಹೊಲಿಗೆ, ಅಟ್ಟೆಯೂ ಅದಕ್ಕೇ ಹೊಲಿಗೆ. ಅಟ್ಟೆ ಸವೆದ್ರೆ ಆ ದಾರ ಮಾತ್ರ ಬಿಚ್ಚುದು, ಹೊಸತು ಹಾಕುದು. ಕಾಲು ಕೂತ ಜಾಗ ಹಾಗೇ ಇರ್ತದೆ."

ಅನಂತರಾಮು ಕನ್ನಡಕ ಏರಿಸಿ, ಜೇಬಿನಿಂದ ಪೆನ್ನಿನಂಥ ಟಾರ್ಚು ತೆಗೆದು ಹೊಲಿಗೆಯ ಉದ್ದಕ್ಕೂ ಬೆಳಕು ಹರಿಸಿದರು. ಸಾವಿರಾರು ಜೊತೆ ಶೂಗಳ ಹಾಜರಿ ಹಾಕಿದ ಮನುಷ್ಯ, ಒಂದು ಶೂ ಒಟ್ಟಾಗಿ ನಿಲ್ಲುವುದು ಹೇಗೆಂದು ಇವತ್ತಿನವರೆಗೆ ಕೇಳಿರಲಿಲ್ಲ. ನಾಲಗೆ ಎತ್ತಿದರು, ಒಳಗೆ ಕೈಹಾಕಿ ಬೆರಳ ತುದಿಯಿಂದ ಮೂಲೆ ಮೂಲೆ ತಡವಿದರು, ಮೂಸಿದರು. "ಹೀಗೆ ಎಷ್ಟು ವರ್ಷ ಬರತ್ತೆ?"

"ಎಣ್ಣೆ ಹಚ್ಚಿ ನೋಡಿಕೊಂಡ್ರೆ ಇಪ್ಪತ್ತು ವರ್ಷ ಸರ್."

ಅಬು ನಾಸರ್‌ಗೆ ಅದನ್ನು ದಾಟಿಸಿದಾಗ ಅವರು ಬೆರಳಲ್ಲಿ ಲೆಕ್ಕ ಹಾಕಿದರು. "ಎಂಬತ್ತಾರು. ಸಾಕು." ಆಮೇಲೆ ಅನಂತರಾಮು ಅವರ ಕಾಲನ್ನೇ ನೋಡುತ್ತ, "ಯಾ ಮುಹಂದಿಸ್, ಎಂಜಿನಿಯರೇ, ನಿನ್ನ ಕಾಲು ಹದಿನೈದು ದಿನಕ್ಕೆ ಕೊಡು" ಎಂದರು.

ಕೋರಿಕೆ ಅಷ್ಟೇನೂ ವಿಚಿತ್ರದ್ದಾಗಿರಲಿಲ್ಲ. ಹತ್ತು ವರ್ಷದ ಹಿಂದೆ ಅಬು ನಾಸರ್ ಅವರ ಮನೆಯ ದಿವಾನಿಯಾದಿಂದ, ಅಂದರೆ ಗುರುವಾರದ ಗಂಡಸರ ಬೈಠಕ್ಕಿನಿಂದ, ಅನಂತರಾಮು ಬಾಗಿಲಲ್ಲಿದ್ದ ಕಪ್ಪು ಶೂ ಮೆಟ್ಟಿಕೊಂಡು ಬಂದಿದ್ದರು. ಎರಡು ದಿನ ಅದನ್ನೇ ಹಾಕಿ ಓಡಾಡಿದ ಮೇಲೆ ಹೆಂಡತಿ ಪದ್ಮಮ್ಮನವರು, "ಶೂಗೂ ಊದುಬತ್ತಿ ಹಚ್ಚೋಕೆ ಶುರು ಮಾಡಿದ್ರಾ?" ಎಂದು ಮೂಸಿದಾಗಲೇ ಅದು ಬೇರೆಯವರದೆಂದು ತಿಳಿದದ್ದು. ಅಬು ನಾಸರ್ ಕೂಡ ಆ ಎರಡು ದಿನ ಇವರದ್ದನ್ನು ಹಾಕಿಕೊಂಡು ಒಂದು ಮದುವೆಗೂ ಹೋಗಿ ಬಂದಿದ್ದರು. ಉದ್ದ, ಅಗಲ, ಹೆಬ್ಬೆರಳ ಪಕ್ಕದ ಗಂಟು, ಎಲ್ಲವೂ ಒಂದೇ.

"ನೀನು ಹಾಕು, ನಡಿ. ಎಲ್ಲಿ ಕಚ್ಚುತ್ತೆ ಅಂತ ನಿನ್ನ ಕಾಲು ಹೇಳ್ತದೆ. ಕಚ್ಚಲ್ಲ ಅಂದ್ರೆ ನಾನು ಹಾಕ್ತೀನಿ. ಕಚ್ಚುತ್ತೆ ಅಂದ್ರೆ ಹೋಗೋದಿಲ್ಲ. ವಲ್ಲಾಹಿ, ದೇವರಾಣೆ, ಹೋಗೋದಿಲ್ಲ."

ಅನಂತರಾಮು ಮಾತಾಡುವ ಮೊದಲೇ ರೋಶನ್ ಎಚ್ಚರಿಸಿದ. "ಹದಿನೈದು ದಿನದೊಳಗೆ ವಾಪಸ್ ತಗೊಳ್ತೇವೆ ಸರ್. ಆದ್ರೆ ಅಟ್ಟೆಗೆ ಒಂದು ಗೀರು ಬೀಳ್ಬಾರ್ದು. ಹೊರಗೆ ಹಾಕ್ಲಿಕ್ಕೇ ಇಲ್ಲ. ಮನೆ ಒಳಗೆ ಮಾತ್ರ ಹಾಕಿ ನಡೀರಿ."

"ಮನೆ ಒಳಗಾ?" ಎಂದರು ಅನಂತರಾಮು. ಅವರ ದನಿ ಕೇಳಿ, ಕನ್ನಡ ಬಾರದ ಅಬು ನಾಸರ್ ಕೂಡ ತಿರುಗಿ ನೋಡಿದರು.

ಮಂಗಾಫ್‌ನ ಆರನೆಯ ಮಹಡಿಯ ಅನಂತರಾಮು ಅವರ ಫ್ಲ್ಯಾಟಿನಲ್ಲಿ ಕಫೀಲ್, ಅಂದರೆ ವೀಸಾ ಕೊಡಿಸಿದ ಧಣಿ, ಬದಲಾಗಬಹುದು, ಬಾಡಿಗೆ ಕರಾರು ಬದಲಾಗಬಹುದು. ಚರ್ಮ ಹೊಸ್ತಿಲು ದಾಟುವುದು ಮಾತ್ರ ಆಗದ ಮಾತು.

"ಹೊಸದು ಕಣೇ ಪದ್ಮಾ. ಇನ್ನೂ ನೆಲಾನೇ ಮುಟ್ಟಿಲ್ಲ."

"ಹೊಸದಾದ್ರೆ? ಪೊರಕೆ ಹೊಸದು ಅಂತ ಅದರಲ್ಲಿ ಸಾರು ತಿರುವ್ತೀವಾ?"

"ಅಂಗಡಿಯವನು ಮನೆ ಒಳಗೇ ಹಾಕ್ಕೊಂಡು ನಡೀರಿ ಅಂದಿದಾನೆ."

"ಅವನ ಮನೆ ಒಳಗೆ ನಡೀರಿ."

ಅನಂತರಾಮು ಹೊಸ್ತಿಲ ಆಚೆಯೇ ನಿಂತು, ಪೆಟ್ಟಿಗೆಯನ್ನು ಎದೆಗವಚಿಕೊಂಡು, ಕಾಗದದ ಹಪ್ಪಳದ ಕಥೆ ಹೇಳಿದರು. ಪದ್ಮಮ್ಮನವರು ಸೌಟು ಹಿಡಿದೇ ಕೇಳಿಸಿಕೊಂಡರು. ಎಂಟು ವರ್ಷದ ಕೆಳಗೆ ಅವರಿಗೆ ಆಪರೇಶನ್ ಆದ ದಿನ ಅನಂತರಾಮು ತೈಲಾಗಾರದೊಳಗೆ ಸಿಕ್ಕಿಬಿದ್ದಿದ್ದರು. ಐದು ಗಂಟೆ ಥಿಯೇಟರಿನ ಹೊರಗೆ ಜಪಮಾಲೆ ತಿರುಗಿಸುತ್ತ ಕೂತವರು ಅಬು ನಾಸರ್. ಕೇಳಿದ ನರ್ಸಿಗೆ ನಾನು ಈಕೆಯ ಅಣ್ಣ ಎಂದಿದ್ದರಂತೆ. ನರ್ಸು ಒಮ್ಮೆ ಅವರ ದಿಶ್‌ದಾಶಾ, ಒಮ್ಮೆ ಚೀಟಿಯಲ್ಲಿದ್ದ ಪದ್ಮಮ್ಮ ಎಂಬ ಹೆಸರು ನೋಡಿ, ಹಾಗೆಯೇ ಬರೆದುಕೊಂಡಿದ್ದಳು.

ಪದ್ಮಮ್ಮನವರು ಒಳಗೆ ಹೋಗಿ ಎರಡು ಹಳೆಯ ಹೊದಿಕೆ ತಂದು ಸೋಫಾದಿಂದ ಬಾಲ್ಕನಿಯವರೆಗೆ ಹಾಸಿದರು. "ಇದರಾಚೆ ಒಂದು ಹೆಜ್ಜೆ ಇಟ್ರೆ ಬೂಟೂ ಇರಲ್ಲ, ನೀವೂ ಇರಲ್ಲ."

ಮೊದಲ ದಿನ ಎರಡು ಡಬ್ಬಗಳೊಳಗೆ ಕಾಲಿಟ್ಟು ನಡೆದಂತಾಯಿತು. ಅನಂತರಾಮು ಕಚೇರಿಯ ಡೈರಿಯಲ್ಲಿ ಬರೆದರು: ಎಡಗಾಲು, ಕಿರುಬೆರಳು, ನಲವತ್ತನೆಯ ನಿಮಿಷ. ಎರಡನೆಯ ದಿನ: ಬಲ ಹಿಮ್ಮಡಿ, ಅರ್ಧ ಗಂಟೆ. ಪದ್ಮಮ್ಮನವರು ಅಡಿಗೆಮನೆಯಿಂದಲೇ ಗಂಡನ ಸಪ್ಪಳವನ್ನು ಬಾಯಲ್ಲಿ ಹೊರಡಿಸಿ, "ಬಂತು ನೋಡಿ ಮೈಸೂರಿನ ದಂಡು" ಎನ್ನುತ್ತಿದ್ದವರು ನಾಲ್ಕನೆಯ ದಿನ ತಾವಾಗಿಯೇ ಬಂದು ಕೇಳಿದರು, "ಇವತ್ತು ಎಲ್ಲಿ?"

"ಇವತ್ತು ಎಲ್ಲೂ ಇಲ್ಲ. ನೋಡು, ಇಲ್ಲಿ ಮಡಿಕೆ ಬಿದ್ದಿದೆ. ಕಾಲು ಎಲ್ಲಿ ಬಗ್ಗತ್ತೋ ಅಲ್ಲೇ ಬಿದ್ದಿದೆ."

ಪದ್ಮಮ್ಮನವರು ಬಗ್ಗಿ, ಒಂದೇ ಬೆರಳಲ್ಲಿ ಆ ಮಡಿಕೆಯನ್ನು ಒತ್ತಿ ನೋಡಿದರು. ಇನ್ನೊಮ್ಮೆ ಒತ್ತಿದರು. ಆಮೇಲೆ ಕೈತೊಳೆಯಲು ಹೋದರು. ನಲ್ಲಿಯ ಸದ್ದಿನ ನಡುವೆ ಅವರ ಮಾತು ಬಂತು: "ಅಲ್ಲಾ ರೀ, ಮೊಟ್ಟೆ ಹಾಕಿರ್ತಾರೆ ಅಂತ ಕೇಕ್ ತಿನ್ನಲ್ಲ ನೀವು. ಯಾವುದೋ ಬೆಟ್ಟದ ಮೇಲಿರೋ ಆಡು ಹೊಡೆಯೋಕೆ ಬೂಟು ಪಳಗಿಸ್ತಾ ಇದೀರಲ್ಲ."

"ಆಡು ನನ್ನ ಸೆಕ್ಷನ್ ಅಲ್ಲ. ಕಾಲು ನನ್ನ ಸೆಕ್ಷನ್ನು."

ಸಮತಟ್ಟಾದ ಹೊದಿಕೆ ಬೆಟ್ಟವಲ್ಲ ಎಂಬುದು ಒಂದು ವಾರವಾದ ಮೇಲೆ ಅವರಿಗೆ ಹೊಳೆಯಿತು. ಬೂಟಿನ ಮೇಲೆ ಹಳೆಯ ಉಣ್ಣೆಯ ಕಾಲುಚೀಲ ಎಳೆದು, ಅಟ್ಟೆಗೆ ಗೀರು ಬೀಳದಂತೆ, ಕಟ್ಟಡದ ಮೆಟ್ಟಿಲುಗಳನ್ನು ಹತ್ತಿಳಿಯತೊಡಗಿದರು. ಈಜಿಪ್ಟಿನ ಕಾವಲುಗಾರ ಎರಡು ಸಲ ಲಿಫ್ಟಿನ ಗುಂಡಿ ಒತ್ತಿ, ಅದು ಬಂದು ಬಾಗಿಲು ತೆರೆದದ್ದನ್ನು ತೋರಿಸಿ, ಮೂರನೆಯ ಸಲ ಸುಮ್ಮನಾದ. ಇಳಿಯುವಾಗ ಬಲಗಾಲಿನ ಹೆಬ್ಬೆರಳು ಮುಂದಕ್ಕೆ ಜಾರಿ ಮೂತಿಗೆ ಬಡಿಯಿತು. ಅನಂತರಾಮು ಅಲ್ಲೇ ಮೆಟ್ಟಿಲ ಮೇಲೆ ಕೂತು ರೋಶನ್‌ಗೆ ಫೋನು ಮಾಡಿದರು.

"ಹಿಮ್ಮಡಿ ನೆಲಕ್ಕೆ ಕುಟ್ಟಿ ಹಿಂದೆ ಕೂರಿಸಿ ಸರ್. ಮತ್ತೆ ಪಾದದ ಗಂಟಿನ ಹತ್ರ ಲೇಸಿಗೆ ಎರಡು ಸುತ್ತು ಹಾಕಿ ಬಿಗೀರಿ. ಮೇಲಿನದ್ದು ಸಡಿಲ ಇರ್ಲಿ. ಅಲ್ಲ ಸರ್, ಈ ಬೂಟು ಯಾರು ಹಾಕುದು? ನೀವಾ ಅವರಾ?"

"ಸದ್ಯಕ್ಕೆ ನಾನೇ ಅವರು."

ಎರಡು ಸುತ್ತು ಬಿಗಿದ ಮೇಲೆ ಹೆಬ್ಬೆರಳೂ ಬಾಯಿ ಮುಚ್ಚಿತು. ಹದಿಮೂರನೆಯ ದಿನ ಸಂಜೆ ಅನಂತರಾಮು ಬಾಯಾರಿಕೆಯಾಗಿ ಅಡಿಗೆಮನೆಗೆ ಹೋಗಿ, ಲೋಟ ತುಂಬ ನೀರು ಕುಡಿದು, ತಿರುಗಿದಾಗ ಪದ್ಮಮ್ಮನವರು ನೆಲವನ್ನೇ ನೋಡುತ್ತ ನಿಂತಿದ್ದರು. ಕಾಲಲ್ಲಿ ಬೂಟಿತ್ತು. ಅದು ಇದೆ ಎಂಬುದೇ ಅನಂತರಾಮು ಅವರಿಗೆ ಮರೆತುಹೋಗಿತ್ತು.

ಬೈಗುಳ ಬರಲಿಲ್ಲ. "ಅಷ್ಟು ಚೆನ್ನಾಗಿ ಕೂತಿದೆಯಾ?" ಎಂದರು ಪದ್ಮಮ್ಮನವರು.

"ಕೂತಿದೆ."

"ಹಾಗಾದ್ರೆ ಅವರು ಹೋಗ್ತಾರೆ."

"ಹ್ಞೂಂ."

ಪದ್ಮಮ್ಮನವರು ಒದ್ದೆ ಬಟ್ಟೆ ತಂದು ನೆಲ ಒರೆಸತೊಡಗಿದರು. "ಸರಿಯಿಲ್ಲ ಅಂದ್ಬಿಡಿ. ಕಚ್ಚತ್ತೆ ಅನ್ನಿ. ಆಣೆ ಇಟ್ಟಿದಾರಲ್ಲ, ಹೋಗಲ್ಲ. ಕಾಣದ ಕಲ್ಲು ಒಂದು ಒಳಗೆ ಸೇರ್ಕೊಂಡ್ರೆ ಆ ಕಾಲು ಏನಾಗತ್ತೆ ಅಂತ ನಿಮಗೆ ಗೊತ್ತು. ಸುಳ್ಳು ಹೇಳಿದ್ರೆ ಆಡೂ ಉಳಿಯತ್ತೆ, ಅವರ ಕಾಲೂ ಉಳಿಯತ್ತೆ. ಒಂದು ಸುಳ್ಳಿಗೆ ಆರು ಕಾಲು, ಕಮ್ಮಿಯೇನಲ್ಲ."

ಗುರುವಾರ ಉಳಿದವರು ಬರುವ ಮೊದಲೇ ಅನಂತರಾಮು ದಿವಾನಿಯಾಕ್ಕೆ ಹೋದರು. ದಾರಿಯಲ್ಲಿ ಕಾರಿನೊಳಗೆ ಆ ಸುಳ್ಳನ್ನು ನಾಲ್ಕು ದನಿಯಲ್ಲಿ ಹೇಳಿ ನೋಡಿದ್ದರು. ವಿಷಾದದ ದನಿ, ಡಾಕ್ಟರ ದನಿ, ಸುಮ್ಮನೆ ಹೇಳಿಬಿಡುವ ದನಿ. ಕೊನೆಗೆ ಸುರಕ್ಷತಾ ವಿಭಾಗದ್ದೇ ಸರಿಯೆನಿಸಿತು. ಅಬು ನಾಸರ್ ಗೋಡೆಗೆ ಹಾಕಿದ ತಗ್ಗು ಮೆತ್ತೆಯ ಮೇಲೆ ಕೂತು ಕಾಫಿ ಬಗ್ಗಿಸುತ್ತಿದ್ದರು. ಪೆಟ್ಟಿಗೆ ಕಂಡೊಡನೆ ಕಾಫಿಯನ್ನು ಬಿಟ್ಟು ಬೂಟನ್ನು ತೊಡೆಯ ಮೇಲಿಟ್ಟುಕೊಂಡರು.

ಕಚ್ಚುತ್ತದೆಯೇ ಇಲ್ಲವೇ ಎಂದು ಅವರು ಕೇಳಲೇ ಇಲ್ಲ. ಮಡಿಕೆಯ ಮೇಲೆ ಹೆಬ್ಬೆರಳು ಆಡಿಸುತ್ತ, "ಮೊದಲು ಎಲ್ಲಿ ಬಗ್ಗಿತು?" ಎಂದು ಕೇಳಿದರು.

"ಇಲ್ಲಿ. ನಾಲ್ಕನೇ ದಿನ. ಮೂರು ದಿನ ಬರೀ ತಗಡು. ಆಮೇಲೆ ಒಂದೇ ಸಲ, ಅದೇನೋ, ಹಸಿ ಬಾಳೆ ಎಲೆ ಬೆಂಕಿಗೆ ಹಿಡಿದ ಹಾಗೆ ಮೆತ್ತಗಾಯ್ತು. ಹಿಮ್ಮಡಿ ಹತ್ರ ನೋಡಿ, ಒಳಗೆ ಗುಳಿ ಬಿದ್ದಿದೆ, ಕೈ ಹಾಕಿ. ಇಳಿಯುವಾಗ ಹೆಬ್ಬೆರಳು ಬಡೀತಿತ್ತು, ಲೇಸು ಕಟ್ಟೋದರಲ್ಲಿ ಒಂದು ಉಪಾಯ ಇದೆ, ಎರಡು ಸುತ್ತು ಹಾಕಿದ್ರೆ..."

ಅನಂತರಾಮು ಅಷ್ಟಕ್ಕೇ ನಿಲ್ಲಿಸಿದರು. ತಡವಾಗಿತ್ತು. ಕಾರಿನಲ್ಲಿ ತಾಲೀಮು ಮಾಡಿದ ನಾಲ್ಕು ದನಿಗಳಲ್ಲಿ ಒಂದೂ ಬಂದಿರಲಿಲ್ಲ.

ಅಬು ನಾಸರ್ ಮಗುವಿನಂತೆ ನಗುತ್ತ ಬೂಟು ಹಾಕಿಕೊಂಡರು. ಎದ್ದು ಆ ಉದ್ದ ಕೋಣೆಯಲ್ಲಿ ನಡೆದರು, ಮೂರು ಮೆಟ್ಟಿಲು ಇಳಿದು ಅಂಗಳಕ್ಕೆ ಹೋಗಿ ಬಂದರು. ಅಟ್ಟೆಗೆ ಗೀರು ಬಿತ್ತು, ಇನ್ನು ವಾಪಸಿಲ್ಲ. ಆಡು ಯಾವ ಬಂಡೆಯ ನೆರಳಲ್ಲಿ ನಿಲ್ಲುತ್ತದೆ, ಗಾಳಿ ಯಾವ ಕಡೆಯಿಂದ ಬಂದರೆ ಅದು ಮೂಸಿ ನೋಡುತ್ತದೆ ಎಂದು ಹೇಳುತ್ತ ಒಂದು ಗಂಟೆ ನಡೆದರು. ಅನಂತರಾಮು ಗಡಿಯಾರ ನೋಡಿ, "ಈಗ ಬಿಚ್ಚಿ" ಎಂದರು.

ಬೂಟು ಬಂತು, ಕಾಲುಚೀಲ ಬಂತು. ಅನಂತರಾಮು ನೆಲದ ಮೇಲೆ ಕೂತು ಕೈಚಾಚಿದಾಗ ಅಬು ನಾಸರ್ ಕಾಲನ್ನು ಸರ್ರನೆ ಎಳೆದುಕೊಂಡು ಅಂಗಿಯೊಳಗೆ ಮುಚ್ಚಿಟ್ಟರು. "ಐಬ್, ಐಬ್. ನಿನ್ನ ಮುಖದ ಎದುರಿಗೆ ಅಂಗಾಲು ತೋರಿಸಲಾ ನಾನು?"

"ನಿಮ್ಮಲ್ಲಿ ಅವಮಾನ. ನಮ್ಮಲ್ಲಿ ದೊಡ್ಡವರ ಕಾಲು ಮುಟ್ಟೋದೇ ಮೊದಲ ನಮಸ್ಕಾರ. ನಾನು ನಮಸ್ಕಾರ ಮಾಡ್ತಾ ಇದೀನಿ ಅಂದ್ಕೊಳ್ಳಿ, ನೀವು ಸುಮ್ಮನಿರಿ."

ಅಬು ನಾಸರ್ ಬಾಗಿಲ ಕಡೆ ನೋಡಿದರು. ಯಾರೂ ಇರಲಿಲ್ಲ. ಮುಖ ಗೋಡೆಗೆ ತಿರುಗಿಸಿ ಕಾಲು ಬಿಟ್ಟುಕೊಟ್ಟರು.

ಬಲ ಹಿಮ್ಮಡಿಯ ಹೊರಗಡೆ, ಅನಂತರಾಮು ಅವರ ಹಿಮ್ಮಡಿಯಲ್ಲಿ ಏನೂ ಇರದಿದ್ದ ಜಾಗದಲ್ಲಿ, ದುಂಡಗೆ ಕೆಂಪಾಗಿತ್ತು. ಬೆರಳಿಂದ ಒತ್ತಿ ಬಿಟ್ಟರು. ಬಣ್ಣ ಮಾಮೂಲಿ ಚರ್ಮದಂತೆ ಬಿಳಿಯಾಗಲಿಲ್ಲ, ಹಾಗೆಯೇ ಉಳಿಯಿತು. ಒಂದೇ ಗಂಟೆ, ರತ್ನಗಂಬಳಿಯ ಮೇಲೆ.

"ಏನು?" ಎಂದರು ಅಬು ನಾಸರ್ ಗೋಡೆಗೆ.

"ಒಂದು ಕಲೆ. ನಿಮ್ಮ ಮೂಳೆ ಇಲ್ಲಿ ಸ್ವಲ್ಪ ಹೊರಗಿದೆ. ನನ್ನದಿಲ್ಲ. ನಾನೀಗ ಒತ್ತುತ್ತಾ ಇದೀನಿ, ಗೊತ್ತಾಗ್ತಿದೆಯಾ?"

"ಒತ್ತುತ್ತಾ ಇದ್ದೀಯಾ?" ಅಬು ನಾಸರ್ ಗೋಡೆ ಬಿಟ್ಟು ಇತ್ತ ತಿರುಗಿದರು. "ನನ್ನ ಅಂಗಾಲು ನಾನು ನೋಡಿ ಎಷ್ಟೋ ವರ್ಷವಾಯ್ತು. ಬಗ್ಗೋಕೆ ಹೊಟ್ಟೆ ಬಿಡಲ್ಲ. ಹೇಗಿದೆ ಅದು?"

ಅನಂತರಾಮು ಹೇಳಿದರು. ಹಿಮ್ಮಡಿಯ ಸುತ್ತ ಒಣಗಿದ ಕೆರೆಯಂತೆ ಬಿರುಕುಗಳಿವೆ. ನಡುವೆ ಮೆತ್ತಗಿದೆ, ಅಲ್ಲಿಗೆ ವಯಸ್ಸೇ ಆಗಿಲ್ಲ. ಕಿರುಬೆರಳ ಕೆಳಗೊಂದು ಹಳೆಯ ಗಾಯದ ಗುರುತು, ಮಾಗಿದೆ. ಅದು ಯಾವಾಗ ಆಯಿತು, ಯಾವಾಗ ಮಾಗಿತು, ಅಬು ನಾಸರ್‌ಗೆ ಎರಡೂ ಸುದ್ದಿಯೇ.

"ಬೂಟು ಒಳ್ಳೇದು," ಎಂದರು ಅನಂತರಾಮು. "ಅದರಲ್ಲಿ ಸುಳ್ಳಿಲ್ಲ. ಆದ್ರೆ ನನ್ನ ಕಾಲು ನಿಮ್ಮ ಕಾಲಲ್ಲ. ನಮ್ಮ ಎಣ್ಣೆ ಟ್ಯಾಂಕಿನೊಳಗೆ ಒಬ್ಬ ಇಳಿದ್ರೆ ಮೇಲೆ ಅದರ ಬಾಯಲ್ಲಿ ಒಬ್ಬ ಕಾವಲು ಕೂರಬೇಕು, ಅವನಿಗೆ ಬೇರೇನೂ ಕೆಲಸ ಇರಬಾರದು. ಅವನಿಲ್ಲದೆ ನೀವೇ ಯಾರನ್ನೂ ಇಳಿಯೋಕೆ ಬಿಡ್ತಿರಲಿಲ್ಲ. ದಿನಾ ಸಂಜೆ ಈ ಕಾಲು ನೋಡೋರು ಒಬ್ಬರು ಬೇಕು."

"ನೀನು ಬಾ."

"ನನಗೆ ಆರನೇ ಮಹಡಿಗೇ ಉಸಿರು ಕಟ್ಟತ್ತೆ."

ಅಬು ನಾಸರ್ ತಣ್ಣಗಾದ ಕಾಫಿಯನ್ನು ಕುಡಿದು ಮುಗಿಸಿದರು. ಅಂಗಳದಲ್ಲಿ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ನಾಸರ್ ಕೆಲಸ ಮುಗಿಸಿ ಬಂದಿದ್ದ. ಮುದುಕರ ಕೈ ಮತ್ತೊಮ್ಮೆ ಅಂಗಿಯ ಅಂಚಿಗೆ ಹೋಯಿತು, ಕಾಲಿನ ಮೇಲೆ ಎಳೆದುಕೊಳ್ಳಲು. ಅಲ್ಲಿಯೇ ನಿಂತಿತು.

"ನಾಸರ್," ಎಂದು ಕರೆದರು. ಒಮ್ಮೆ ಕರೆದದ್ದು ಸಾಲದೆನ್ನುವಂತೆ ಇನ್ನೊಮ್ಮೆ ಕರೆದರು.

ಮಗ ಬಂದ. ಇವರಿಬ್ಬರು ಕೂತ ಭಂಗಿ ನೋಡಿ ಬಾಗಿಲಲ್ಲೇ ನಿಂತ. ಅಬು ನಾಸರ್ ಅರಬ್ಬಿಯಲ್ಲಿ ಮಾತಾಡತೊಡಗಿದರು. ಅನಂತರಾಮು ಅವರಿಗೆ ಅಲ್ಲಲ್ಲಿ ಅರ್ಥವಾಯಿತು: ಎರಡು ವರ್ಷ, ಡಾಕ್ಟರು, ಸೂಜಿ, ತಜಿಕಿಸ್ತಾನ, ದಿನಾ ಸಂಜೆ. ಸೂಜಿಯ ಜಾಗಕ್ಕೆ ಬಂದಾಗ ಈ ಸಲ ಅವರು ನಗಿಸಲು ಹೋಗಲಿಲ್ಲ. ನಾಸರ್ ಏನೋ ಕೇಳಿದ, ದನಿ ಸ್ವಲ್ಪ ಏರಿತ್ತು. ತಂದೆ ಬರಿಗಾಲನ್ನು ಮಗನ ಕಡೆಗೆ ಒಂದು ಗೇಣು ಮುಂದೆ ಸರಿಸಿದರು, ಅಷ್ಟೆ.

ಅನಂತರಾಮು ಎದ್ದು ಜಾಗ ಬಿಟ್ಟರು. ನಾಸರ್ ಇಸ್ತ್ರಿ ಮುರಿಯುವುದನ್ನು ಲೆಕ್ಕಿಸದೆ ನೆಲಕ್ಕೆ ಕೂತು, ಕಾಲನ್ನು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಎರಡು ಕೈಯನ್ನೂ ಅದರ ಸುತ್ತ ಗಾಳಿಯಲ್ಲಿ ಆಡಿಸಿದ. ಕೊನೆಗೆ ಹಿಮ್ಮಡಿಯನ್ನು ಅಂಗೈಯಲ್ಲಿಟ್ಟುಕೊಂಡು ಫೋನಿನ ದೀಪ ಹಚ್ಚಿದ.

"ಒಂಬತ್ತು ರಾತ್ರಿ," ಎಂದ, ಯಾರಿಗೂ ಅಲ್ಲ.

ಅಬು ನಾಸರ್ ಚಾವಣಿ ನೋಡುತ್ತ ಕೂತಿದ್ದರು. ಬೆಳಕು ಹಿಮ್ಮಡಿಯಿಂದ ಬೆರಳುಗಳ ಕಡೆಗೆ ಸಾವಕಾಶವಾಗಿ ಹೋಗುತ್ತಿತ್ತು. ಅದು ಎಲ್ಲಿಗೆ ಬಂತೆಂದು ಗೊತ್ತಾಗದೆ ಅವರು ಆಗಾಗ ಮಗನ ಕಣ್ಣನ್ನು ನೋಡಿ, ಮತ್ತೆ ಮೇಲಕ್ಕೆ ನೋಡುತ್ತಿದ್ದರು.